ಪದಚರ್ಚೆ: ‘ಟೂ-ರೀಲರ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ಮೂಕಿ ಕಾಲದ ಹಾಸ್ಯಚಿತ್ರಗಳ 16 ಮಿ.ಮೀ. ಪ್ರತಿಗಳನ್ನು ಕೂಡಿಟ್ಟಿರುವ ಸ್ನೇಹಿತರೊಬ್ಬರ ಪ್ರದರ್ಶನಕ್ಕೆ ವಿವರಣ ಫಲಕಗಳನ್ನು ಬರೆಯುತ್ತಿದ್ದೇನೆ. ನಾಳೆ ಸಂಜೆಯೊಳಗೆ ಅವು ಅಚ್ಚಿಗೆ ಹೋಗಬೇಕು. ಚಾಪ್ಲಿನ್ 1916–17ರಲ್ಲಿ ಮ್ಯೂಚುಯಲ್ ಕಂಪನಿಗೆ ಮಾಡಿಕೊಟ್ಟ ಹನ್ನೆರಡು ‘ಟೂ-ರೀಲರ್’ಗಳ (ಎರಡು ರೀಲಿನಷ್ಟು ಉದ್ದದ ಚಿತ್ರಗಳ) ಬಳಿ ಬಂದು ನಿಂತಿದ್ದೇನೆ. ‘ಕಿರುಚಿತ್ರ’ ಸಾಕೆ, ‘ದ್ವಿಸುರುಳಿ’ ಎನ್ನಬಹುದೆ, ಅಥವಾ ‘ಇಸ್ಸುರುಳಿ’ಯೆ?

ಉತ್ತರ 1

‘ದ್ವಿಸುರುಳಿ’ ಅರಿಸಮಾಸ, ಅಂದರೆ ಸಂಸ್ಕೃತಕ್ಕೂ ಕನ್ನಡಕ್ಕೂ ಹಾಕಿದ ಬೆಸುಗೆ; ಅದನ್ನು ಬಿಡಿ. ‘ಇಮ್ಮಡಿ’, ‘ಇತ್ತಂಡ’ಗಳ ಜಾಡಿನಲ್ಲಿ ಬಂದ ‘ಇಸ್ಸುರುಳಿ’ಯ ವ್ಯಾಕರಣ ಸರಿಯಾಗಿದ್ದರೂ ಅರ್ಥ ಸರಿಯಿಲ್ಲ. ಆ ಉದ್ಯಮದಲ್ಲಿ ರೀಲು ಬರಿಯ ವಸ್ತುವಲ್ಲ, ಅಳತೆ: 35 ಮಿ.ಮೀ. ಫಿಲ್ಮಿನ ಸುಮಾರು ಸಾವಿರ ಅಡಿ. ಕೈಯಿಂದ ತಿರುಗಿಸುವ ಯಂತ್ರಗಳಿದ್ದ ಕಾಲದಲ್ಲಿ ವೇಗ ಒಂದೇ ಸಮನಾಗಿರುತ್ತಿರಲಿಲ್ಲವಾದ್ದರಿಂದ ಅದೇ ಸಾವಿರ ಅಡಿ ಹನ್ನೊಂದು ನಿಮಿಷದಲ್ಲೂ ಮುಗಿಯಬಹುದಿತ್ತು, ಹದಿನಾರು ನಿಮಿಷವೂ ಓಡಬಹುದಿತ್ತು. ನಿಮಿಷಕ್ಕಿಂತ ರೀಲಿನ ಲೆಕ್ಕವೇ ಗಟ್ಟಿ. ‘ಕಿರುಚಿತ್ರ’ ಈ ಕಾರಣಕ್ಕೇ ಸಾಲದು.

ಇನ್ನು ತಮ್ಮ ಸ್ನೇಹಿತರ ಪ್ರತಿಗಳನ್ನು ನೋಡಿ. ಒಂದು ಅಡಿ 35 ಮಿ.ಮೀ. ಫಿಲ್ಮಿನಲ್ಲಿ 16 ಚೌಕಟ್ಟುಗಳಿದ್ದರೆ 16 ಮಿ.ಮೀ. ಫಿಲ್ಮಿನಲ್ಲಿ 40 ಇರುತ್ತವೆ. ಎರಡು ಸಾವಿರ ಅಡಿಯ ಚಿತ್ರ ಎಂಟುನೂರು ಅಡಿಗೆ ಇಳಿದು ಒಂದೇ ಸುರುಳಿಯಲ್ಲಿ ಅಡಗುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಒಂದೇ ಸುರುಳಿಯನ್ನಿಟ್ಟು ಫಲಕದಲ್ಲಿ ‘ಇಸ್ಸುರುಳಿ’ ಎಂದು ಬರೆದರೆ, ಇನ್ನೊಂದು ಕಳೆದುಹೋಗಿದೆಯೆಂದೇ ನೋಡುಗರು ತಿಳಿಯುತ್ತಾರೆ. ಅದು ಹುಸಿ ಶಂಕೆಯೂ ಅಲ್ಲ: ಲಾರೆಲ್–ಹಾರ್ಡಿ ಜೋಡಿಯ 1927ರ ‘ದಿ ಬ್ಯಾಟಲ್ ಆಫ್ ದಿ ಸೆಂಚುರಿ’ಯ ಎರಡನೆಯ ರೀಲು, ಅಂದರೆ ಕಡುಬಿನ (‘ಪೈ’ ಎಂಬ ತಿನಿಸಿನ) ಎರಚಾಟದ ಭಾಗ, ದಶಕಗಳ ಕಾಲ ತುಣುಕುಗಳಲ್ಲಷ್ಟೇ ಉಳಿದಿದ್ದು, ಪೂರ್ತಿಯಾಗಿ ಪತ್ತೆಯಾದದ್ದು 2015ರಲ್ಲಿ, ಖಾಸಗಿ ಸಂಗ್ರಹವೊಂದರ 16 ಮಿ.ಮೀ. ಪ್ರತಿಯಲ್ಲಿ. (ಆ ‘ಪೈ’ಗೆ ‘ಕಡುಬು’ ಒಪ್ಪುವುದಿಲ್ಲವೆಂದು ಬಲ್ಲೆ, ಅದು ಬೇರೆ ಜಗಳ.)

‘ಎರಡು ರೀಲಿನ ಹಾಸ್ಯಚಿತ್ರ’ ಎಂದೇ ಬರೆಯಿರಿ. ಸುರುಳಿ ವಸ್ತುವಿಗಿರಲಿ, ರೀಲು ಅಳತೆಗಿರಲಿ. ‘ರೀಲು ಬಿಡಬೇಡ’ ಎನ್ನುವ ಭಾಷೆಯಲ್ಲಿ ರೀಲು ಹೊರಗಿನದಾಗಿ ಉಳಿದಿಲ್ಲ.

ಉತ್ತರ 2

ಒಪ್ಪಲಾರೆ. ಬೈಗುಳಕ್ಕೆ ಒಗ್ಗಿದ ಮಾತ್ರಕ್ಕೆ ಪದವೊಂದು ನಮ್ಮದಾಗುವುದಿಲ್ಲ. ತಾವು ‘ಸಾವಿರ ಅಡಿ’ ಎಂದು ಬರೆದಿದ್ದೀರಿ. ಅಂಗಾಲಿಗೂ ಅಳತೆಗೂ ಅದೊಂದೇ ಪದ ಸಾಕಾಗಿರುವಾಗ, ಸುರುಳಿಗೆ ಮಾತ್ರ ಆ ಎರಡನೆಯ ಕೆಲಸವನ್ನು ಏಕೆ ನಿರಾಕರಿಸಬೇಕು?