ಒಂಬತ್ತು ತಿಂಗಳಾದರೂ ಪಾಪು ಅಂಬೆಗಾಲಿಡುತ್ತಿಲ್ಲ. ಕಾಯಬೇಕಾ, ತೋರಿಸಬೇಕಾ?

ಪಾಪು ಅಮ್ಮ, ಅರಸೀಕೆರೆ ಕಡೆ:

ಎಲ್ಲರಿಗೂ ನಮಸ್ಕಾರ. ಇದು ನನ್ನ ಮೊದಲ ಮಗು, ಹೆಣ್ಣು. ಒಂಬತ್ತು ತಿಂಗಳು ತುಂಬಿ ಹತ್ತು ದಿನ ಆಯಿತು. ಇನ್ನೂ ಅಂಬೆಗಾಲಿಡುತ್ತಿಲ್ಲ. ಬೋರಲು ಮಲಗಿಸಿದರೆ ಒಂದು ನಿಮಿಷ ತಲೆ ಎತ್ತಿ ಆ ಕಡೆ ಈ ಕಡೆ ನೋಡುತ್ತಾಳೆ, ಆಮೇಲೆ ಅಳು ಶುರು. ಕೂರಿಸಿದರೆ ಕೂರುತ್ತಾಳೆ, ಆದರೆ ಬೆನ್ನು ಬಾಗಿಸಿಕೊಂಡು. ಐದು ನಿಮಿಷಕ್ಕೆ ಪಕ್ಕಕ್ಕೆ ವಾಲುತ್ತಾಳೆ.

ನನ್ನ ನಾದಿನಿಯ ಮಗು ಇವಳಿಗಿಂತ ಹನ್ನೆರಡು ದಿನ ಚಿಕ್ಕದು. ಅದು ಆಗಲೇ ಮಂಚ ಹಿಡಿದು ನಿಲ್ಲುತ್ತದೆ. ದಿನಾ ಬೆಳಿಗ್ಗೆ ಮನೆಯವರ ವಾಟ್ಸಾಪ್ ಗುಂಪಿಗೆ ಅದರ ವಿಡಿಯೋ ಬರುತ್ತದೆ, ಎಲ್ಲರೂ ಖುಷಿಪಡುತ್ತಾರೆ, ಆಮೇಲೆ ಯಾರಾದರೂ ಒಬ್ಬರು "ನಿಮ್ಮ ಪಾಪು ಹೊಸಿಲು ದಾಟಿತಾ" ಎಂದು ಕೇಳೇ ಕೇಳುತ್ತಾರೆ. ಫೋನ್ ಕೆಳಗಿಟ್ಟು ಬಚ್ಚಲಮನೆಗೆ ಹೋಗಿ ಅತ್ತಿದ್ದೇನೆ. ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಂಡಿದ್ದೆ, ಅದೂ ತಿಂಗಳು ತಿಂಗಳು ಕೆಂಪು ಗುರುತು ತೋರಿಸುತ್ತದೆ.

ಹೆರಿಗೆ ಬೇಗ ಆಯಿತು, 34 ವಾರಕ್ಕೆ. ತೂಕ ಎರಡು ಕೆಜಿಗೆ ಸ್ವಲ್ಪ ಕಡಿಮೆ ಇತ್ತು, ಹನ್ನೊಂದು ದಿನ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಈಗ ಚೆನ್ನಾಗಿದ್ದಾಳೆ. ರಾಗಿ ಸರಿ, ಬೇಳೆ ಕಟ್ಟು, ಹಿಸುಕಿದ ಅನ್ನ ಎಲ್ಲ ತಿನ್ನುತ್ತಾಳೆ. ಹೆಸರು ಕರೆದರೆ ತಿರುಗುತ್ತಾಳೆ. ಅಪ್ಪನ ಬೈಕ್ ಸದ್ದು ಕೇಳಿದರೆ ಬಾಗಿಲ ಕಡೆ ನೋಡಿ ಕೇಕೆ ಹಾಕುತ್ತಾಳೆ. ಬಬಬ, ದದದ ಅನ್ನುತ್ತಾಳೆ. ಗಿಲಕಿ ತೋರಿಸಿದರೆ ಬಲಗೈಯಲ್ಲಿ ತಟ್ಟನೆ ಕಿತ್ತುಕೊಳ್ಳುತ್ತಾಳೆ. ನಮ್ಮತ್ತೆ "ಇವಳು ಪಕ್ಕಾ ಬಲಗೈಯವಳು, ಎಡಗೈ ಮುಷ್ಟಿ ಬಿಚ್ಚೋದೇ ಇಲ್ಲ, ಒಳಗೆ ದುಡ್ಡು ಇಟ್ಕೊಂಡಿದಾಳೆ" ಎಂದು ಮುದ್ದು ಮಾಡುತ್ತಿರುತ್ತಾರೆ. ಅದಕ್ಕೆ ಬುದ್ಧಿಗೇನೂ ತೊಂದರೆ ಇಲ್ಲ ಅನಿಸುತ್ತದೆ, ಕಾಲಿಗೆ ಬಲ ಇಲ್ಲವೇನೋ ಎಂಬುದೇ ನನ್ನ ಭಯ.

ಅತ್ತೆ ವಾಕರ್ ತರಿಸೋಣ ಎನ್ನುತ್ತಾರೆ. ಅಮ್ಮ ಹರಳೆಣ್ಣೆ ತಿಕ್ಕಿ ಬಿಸಿನೀರು ಹಾಕು, ಕಾಲು ಗಟ್ಟಿಯಾಗುತ್ತೆ ಎನ್ನುತ್ತಾರೆ. ನಮ್ಮೆಜಮಾನರು ಸುಮ್ನೆ ತಲೆ ಕೆಡಿಸಿಕೊಳ್ಳಬೇಡ ಎನ್ನುತ್ತಾರೆ. ಒಂಬತ್ತು ತಿಂಗಳ ಚುಚ್ಚುಮದ್ದಿಗೆ ಹೋದಾಗ ಕೇಳಬೇಕು ಎಂದುಕೊಂಡಿದ್ದೆ. ಉದ್ದ ಸಾಲು ಇತ್ತು, ಬಾಯೇ ಬರಲಿಲ್ಲ. ಅನುಭವ ಇರುವವರು ಹೇಳಿ.


ಎರಡು ಮಕ್ಕಳ ತಾಯಿ, ಶಿವಮೊಗ್ಗ:

ಅಳಬೇಡಿ ಮೊದಲು. ನನ್ನ ದೊಡ್ಡವನು ಅಂಬೆಗಾಲೇ ಇಡಲಿಲ್ಲ. ಕೂತಲ್ಲೇ ಒಂದು ಕಾಲು ಮಡಚಿ, ಇನ್ನೊಂದರಲ್ಲಿ ತಳ್ಳಿಕೊಂಡು, ಕುಂಡಿಯ ಮೇಲೆ ಜರುಗುತ್ತಾ ಮನೆಯೆಲ್ಲ ಸುತ್ತುತ್ತಿದ್ದ. ಚಡ್ಡಿಗಳ ಹಿಂಭಾಗವೆಲ್ಲ ಸವೆದುಹೋಗಿತ್ತು. ಹದಿನಾರು ತಿಂಗಳಿಗೆ ಒಂದು ದಿನ ಎದ್ದು ನಡೆದ. ಈಗ ಏಳನೇ ಕ್ಲಾಸು, ಸ್ಕೂಲ್ ಕಬಡ್ಡಿ ಟೀಮಲ್ಲಿದ್ದಾನೆ.

ನಿಮ್ಮ ಪಾಪು ದಿನಕ್ಕೆ ಎಷ್ಟು ಹೊತ್ತು ನೆಲದ ಮೇಲಿರುತ್ತದೆ? ನಮ್ಮಲ್ಲಿ ಎಲ್ಲರೂ ಎತ್ತಿಕೊಂಡೇ ಇರುತ್ತಿದ್ದರು. ಕಂಕುಳಿಂದ ಕಂಕುಳಿಗೆ, ಅಲ್ಲಿಂದ ತೊಟ್ಟಿಲಿಗೆ. ಚಾಪೆ ಹಾಸಿ ನೆಲಕ್ಕೆ ಬಿಡಿ, ನೀವೂ ಎದುರಿಗೆ ಬೋರಲು ಮಲಗಿ. ಅಮ್ಮನ ಮುಖ ಎದುರಿಗೆ ಇದ್ದರೆ ಅಳು ಕಡಿಮೆ. ಆ್ಯಪ್ ತೆಗೆದುಬಿಡಿ. ಗುಂಪನ್ನು ಮ್ಯೂಟ್ ಮಾಡಿ, ಯಾರಿಗೂ ಗೊತ್ತಾಗುವುದಿಲ್ಲ.


ಮಕ್ಕಳ ಫಿಸಿಯೋ, ಹುಬ್ಬಳ್ಳಿ:

ನಮಸ್ಕಾರ ಅಮ್ಮಾ. ಹದಿಮೂರು ವರ್ಷದಿಂದ ಚಿಕ್ಕ ಮಕ್ಕಳ ಜೊತೆಗೇ ಕೆಲಸ ಮಾಡುತ್ತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಪೂರ್ತಿ ಓದಿ.

ನೀವು ಹೆದರಿರುವ ವಿಷಯಕ್ಕೆ ಮೊದಲು ಬರೋಣ. ಮಗು 34 ವಾರಕ್ಕೆ ಹುಟ್ಟಿದೆ, ಅಂದರೆ ಆರು ವಾರ ಮುಂಚೆ. ಬೆಳವಣಿಗೆ ನೋಡುವಾಗ ಆ ಆರು ವಾರ ಕಳೆದು ಲೆಕ್ಕ ಹಾಕಬೇಕು. ಎರಡು ವರ್ಷ ತುಂಬುವ ತನಕ ಹೀಗೇ. (ಚುಚ್ಚುಮದ್ದಿಗೆ ಮಾತ್ರ ಹುಟ್ಟಿದ ದಿನವೇ ಲೆಕ್ಕ, ಅದನ್ನು ಮುಂದೂಡಬೇಡಿ.) ಹಾಗೆ ನೋಡಿದರೆ ನಿಮ್ಮ ಮಗಳಿಗೆ ಈಗ ಎಂಟು ತಿಂಗಳು. ನಾದಿನಿಯ ಮಗು ತಿಂಗಳು ತುಂಬಿ ಹುಟ್ಟಿದ್ದರೆ ಇಬ್ಬರನ್ನೂ ಪಕ್ಕಪಕ್ಕ ಇಟ್ಟು ನೋಡುವುದೇ ತಪ್ಪು. ಆ್ಯಪ್‌ಗೆ ಹುಟ್ಟಿದ ತಾರೀಕು ಮಾತ್ರ ಕೊಟ್ಟಿರುತ್ತೀರಿ, ಅದಕ್ಕೇ ಅದು ಕೆಂಪು ತೋರಿಸುತ್ತಿರಬೇಕು.

ಇನ್ನು ಅಂಬೆಗಾಲು. ವಿಶ್ವ ಆರೋಗ್ಯ ಸಂಸ್ಥೆಯವರು ಭಾರತ, ಘಾನಾ, ನಾರ್ವೆ, ಒಮಾನ್, ಅಮೆರಿಕ, ಈ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ನೋಡಿ 2006ರಲ್ಲಿ ಒಂದು ಲೆಕ್ಕ ಕೊಟ್ಟರು. ಕೈಮಂಡಿ ಊರಿ ಹೋಗುವುದು ಐದು ತಿಂಗಳಿಗೂ ಬರಬಹುದು, ಹದಿಮೂರೂವರೆ ತಿಂಗಳಿಗೂ ಬರಬಹುದು. ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲಿಡದೇ ನಡೆದುಬಿಟ್ಟರು, ಮೇಲಿನ ಅಕ್ಕನ ಮಗನ ಹಾಗೆ. ಯಾರ ಸಹಾಯವೂ ಇಲ್ಲದೆ ನಡೆಯುವುದು ಎಂಟು ತಿಂಗಳಿಂದ ಹದಿನೇಳೂವರೆ ತಿಂಗಳ ತನಕ. ಅಮೆರಿಕ ಸರಕಾರದ ಆರೋಗ್ಯ ಸಂಸ್ಥೆ ಸಿಡಿಸಿಯವರಂತೂ 2022ರಲ್ಲಿ ಮಕ್ಕಳ ಬೆಳವಣಿಗೆಯ ತಮ್ಮ ಪಟ್ಟಿಯಿಂದ ಅಂಬೆಗಾಲನ್ನೇ ತೆಗೆದುಹಾಕಿದರು. ಆಧಾರ ಇಲ್ಲದೆ ಕೂರುವುದಕ್ಕೂ ಒಂಬತ್ತು ತಿಂಗಳು ದಾಟುವ ತನಕ ಸಮಯ ಇದೆ. ನಿಮ್ಮ ಮಗಳಿಗೆ ಎಂಟು. ಇದರಲ್ಲಿ ನನಗೆ ಏನೂ ಗಾಬರಿ ಕಾಣಲಿಲ್ಲ.

ಆದರೆ ನೀವು ಸಂತೋಷದ ಮಾತು ಎಂದು ಬರೆದ ಒಂದು ಸಾಲು ನನ್ನನ್ನು ನಿಲ್ಲಿಸಿತು. ಬಲಗೈಯಲ್ಲೇ ಹಿಡಿಯುತ್ತಾಳೆ, ಎಡಗೈ ಮುಷ್ಟಿ ಬಿಚ್ಚುವುದೇ ಇಲ್ಲ ಎಂದಿರಿ. ಒಂದು ವರ್ಷದೊಳಗಿನ ಮಗು ಎರಡೂ ಕೈ ಬಳಸಬೇಕು. ಹತ್ತಿರ ಯಾವ ಕೈ ಇದೆಯೋ ಅದನ್ನು ಚಾಚಬೇಕು. ಮುಷ್ಟಿ ಮೂರು ನಾಲ್ಕು ತಿಂಗಳಿಗೆಲ್ಲ ಬಿಚ್ಚಿಕೊಳ್ಳುತ್ತದೆ. ಬಲಗೈಯವರು ಎಡಗೈಯವರು ಎಂಬುದು ಗೊತ್ತಾಗುವುದು ಒಂದೂವರೆ ಎರಡು ವರ್ಷದ ಮೇಲೆ. ಅದಕ್ಕೂ ಮುಂಚೆ ಮಗು ಒಂದೇ ಕೈಯನ್ನು ನೆಚ್ಚಿಕೊಂಡಿದ್ದರೆ ಆ ಕೈ ಜಾಣ ಎಂದು ತಿಳಿಯಬಾರದು, ಇನ್ನೊಂದು ಕೈಗೆ ಏನು ಕಷ್ಟ ಎಂದು ಹುಡುಕಬೇಕು.

ಮನೆಯಲ್ಲೇ ನೋಡಿ. ತೊಡೆಯ ಮೇಲೆ ಕೂರಿಸಿಕೊಂಡು ಬಲಗೈಯನ್ನು ಮೆಲ್ಲಗೆ ಹಿಡಿದುಕೊಂಡು ಎಡಗಡೆಯಿಂದ ಗಿಲಕಿ ತೋರಿಸಿ. ಎಡಗೈ ಚಾಚುತ್ತಾಳಾ? ಬೆರಳು ಬಿಚ್ಚುತ್ತಾಳಾ? ಮಗುಚಿಕೊಳ್ಳುವಾಗ ಯಾವಾಗಲೂ ಒಂದೇ ಕಡೆಗೆ ಮಗುಚುತ್ತಾಳಾ? ಬಟ್ಟೆ ಬದಲಿಸುವಾಗ ಒಂದು ಕಾಲು ಇನ್ನೊಂದಕ್ಕಿಂತ ಬಿಗಿಯಾಗಿದೆ ಅನಿಸುತ್ತದಾ? ಇದನ್ನೆಲ್ಲ ಮೊಬೈಲಲ್ಲಿ ವಿಡಿಯೋ ಮಾಡಿಕೊಳ್ಳಿ. ಆಸ್ಪತ್ರೆಗೆ ಹೋದರೆ ಮಕ್ಕಳು ಅಳುತ್ತಾರೆ, ಅಲ್ಲಿ ಏನೂ ತೋರಿಸುವುದಿಲ್ಲ.

ಈ ವಾರವೇ ಮಕ್ಕಳ ಡಾಕ್ಟರಿಗೆ ತೋರಿಸಿ, ಮುಂದಿನ ತಿಂಗಳಲ್ಲ. ಏನೂ ಇಲ್ಲದೆಯೂ ಇರಬಹುದು. ಆದರೆ ಬೇಗ ಹುಟ್ಟಿದ ಮಕ್ಕಳಲ್ಲಿ ಕೆಲವೊಮ್ಮೆ ಹುಟ್ಟುವ ಸುಮಾರಿಗೆ ಮೆದುಳಿನ ಒಂದು ಪಕ್ಕಕ್ಕೆ ಪೆಟ್ಟಾಗಿರುತ್ತದೆ, ಅದು ಮೊದಲು ಕಾಣಿಸಿಕೊಳ್ಳುವುದು ಹೀಗೆ ಕೈಯಲ್ಲೇ. ಇದು ನಿಮ್ಮಿಂದ ಆದದ್ದಲ್ಲ. ನೀವು ಏನು ತಿಂದಿರಿ, ಎಲ್ಲಿ ಓಡಾಡಿದಿರಿ ಎಂದು ಯಾರಾದರೂ ಶುರು ಮಾಡಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಬೇಗ ಹಿಡಿದರೆ ಬಹಳ ಮಾಡಬಹುದು, ಯಾಕೆಂದರೆ ಈ ವಯಸ್ಸಿನ ಮೆದುಳು ಹೊಸ ದಾರಿ ಕಲಿಯುವಷ್ಟು ಬೇಗ ಆಮೇಲೆ ಕಲಿಯುವುದಿಲ್ಲ.


ಅಂಗನವಾಡಿ ಟೀಚರ್, ಗದಗ ಜಿಲ್ಲೆ:

ತಂಗೀ, ವಾಕರ್ ಮಾತ್ರ ತರಬ್ಯಾಡ. ನಮ್ಮ ಓಣಿಯಲ್ಲಿ ಒಂದು ಕೂಸು ವಾಕರಿನಲ್ಲಿ ಜಾರಿ ಬಂದು ಒಲೆ ಕಟ್ಟೆಗೆ ತಲೆ ಬಡಿದುಕೊಂಡಿತ್ತು. ಆವತ್ತಿನಿಂದ ನಾನು ಮನೆಮನೆಗೆ ಹೋಗಿ ಹೇಳುತ್ತೇನೆ. ಕೆನಡಾ ದೇಶದಲ್ಲಿ 2004ರಿಂದ ಅದನ್ನು ಮಾರುವುದೇ ನಿಷೇಧ. ಅದರಲ್ಲಿ ಕೂತ ಮಗು ತುದಿಗಾಲಲ್ಲಿ ತಳ್ಳುತ್ತದೆ, ಬೇಗ ನಡೆಯುವುದಿಲ್ಲ. ಎಣ್ಣೆ ಹಚ್ಚುವುದು ಒಳ್ಳೆಯದೇ, ಮಗುವಿಗೂ ಹಿತ. ಆದರೆ ಎಣ್ಣೆಯಿಂದ ಕಾಲಿಗೆ ಬಲ ಬರುವುದಿಲ್ಲ, ನೆಲದ ಮೇಲೆ ಹೊರಳಾಡಿದರೆ ಬರುತ್ತದೆ.

ನಿಮ್ಮ ಹತ್ತಿರ ತಾಯಿ ಕಾರ್ಡ್ ಇದೆ ಅಲ್ವಾ? ಎಲ್ಲರೂ ಅದನ್ನು ಚುಚ್ಚುಮದ್ದಿನ ಪುಟಕ್ಕಷ್ಟೇ ತೆರೆಯುತ್ತಾರೆ. ಯಾವ ವಯಸ್ಸಿಗೆ ಮಗು ಏನು ಮಾಡಬೇಕು ಎಂದು ಚಿತ್ರ ಸಮೇತ ಅದರಲ್ಲೇ ಇರುತ್ತದೆ. ನಿಮ್ಮ ಆಶಾ ಕಾರ್ಯಕರ್ತೆಗೆ ಹೇಳಿ. ಆರ್‌ಬಿಎಸ್‌ಕೆ ಎಂದು ಸರಕಾರದ ಯೋಜನೆ ಇದೆ, 2013ರಲ್ಲಿ ಶುರುವಾದದ್ದು. ಹುಟ್ಟಿನಿಂದ ಹದಿನೆಂಟು ವರ್ಷದ ತನಕ ಮಕ್ಕಳ ತಪಾಸಣೆ, ಚಿಕಿತ್ಸೆ ಅದರಡಿ ಉಚಿತ. ಬೆಳವಣಿಗೆ ತಡ ಇದ್ದರೆ ಇಂಥ ಮಕ್ಕಳಿಗೆ ಬೇಗನೆ ಚಿಕಿತ್ಸೆ ಶುರು ಮಾಡುವ ಜಿಲ್ಲಾ ಮಟ್ಟದ ಡಿಇಐಸಿ ಕೇಂದ್ರಕ್ಕೆ ಕಳಿಸುತ್ತಾರೆ. ಖಾಸಗಿಗೆ ಹೋಗಿ ಸಾಲ ಮಾಡಿಕೊಳ್ಳುವ ಮುಂಚೆ ಇದನ್ನು ಕೇಳಿ.


ಚಾಮುಂಡಿ ಬೆಟ್ಟದ ಕೆಳಗೆ:

ಅಪ್ಪನಾಗಿ ಒಂದು ಮಾತು. ನಮ್ಮ ಮಗ ಐದು ತಿಂಗಳ ತನಕ ಚೆನ್ನಾಗಿ ಆಗೂ ಊಗೂ ಅನ್ನುತ್ತಿದ್ದ. ಆಮೇಲೆ ನಿಧಾನವಾಗಿ ಮೌನವಾದ. ಗಂಡು ಮಕ್ಕಳು ಮಾತು ತಡ, ನಿಮ್ಮಣ್ಣನೂ ಮೂರು ವರ್ಷಕ್ಕೆ ಮಾತಾಡಿದ್ದು, ಹೀಗೆ ಎಲ್ಲರೂ ಹೇಳಿದರು. ನಾನೂ ಅದನ್ನೇ ನನ್ನ ಹೆಂಡತಿಗೆ ಹೇಳಿದೆ, ಎಷ್ಟು ಸಲವೋ. ಬಾಗಿಲು ಬಡಿದರೆ ಬೆಚ್ಚುತ್ತಾನೆ, ಕಿವಿ ಸರಿ ಇದೆ ಎಂದುಕೊಂಡೆವು. ಅವನಿಗೆ ತಿಳಿಯುತ್ತಿದ್ದದ್ದು ನೆಲದ ಅದುರು. ಒಂದೂವರೆ ವರ್ಷಕ್ಕೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದಾಗ ಎರಡೂ ಕಿವಿ ಕೇಳುತ್ತಿಲ್ಲ ಎಂದು ಗೊತ್ತಾಯಿತು. ಕಿವುಡು ಮಕ್ಕಳೂ ಮೊದಲ ಕೆಲವು ತಿಂಗಳು ಎಲ್ಲರ ಹಾಗೇ ಸದ್ದು ಮಾಡುತ್ತವೆ, ಆಮೇಲೆ ಅದು ಕಡಿಮೆಯಾಗುತ್ತದೆ ಎಂದು ಅಲ್ಲಿ ತಿಳಿಯಿತು. ಇದ್ದದ್ದು ಕಳೆದುಹೋದರೆ ಒಂದು ದಿನವೂ ಕಾಯಬಾರದು ಎಂದು ಅವತ್ತು ಹೇಳಿದರು. ಈಗ ಯಂತ್ರ ಹಾಕಿದ್ದಾರೆ, ಮಾತು ಬರುತ್ತಿದೆ, ಆದರೆ ಆ ಒಂದು ವರ್ಷ ನಮ್ಮ ಕೈಬಿಟ್ಟು ಹೋಯಿತು.

ಅವಧಿಗೆ ಮುಂಚೆ ಹುಟ್ಟಿ ಪೆಟ್ಟಿಗೆಯಲ್ಲಿದ್ದ ಮಗು ಅಂದಿರಿ, ಹೆಸರಿಗೆ ತಿರುಗಿದರೂ ಕಿವಿ ಪರೀಕ್ಷೆ ಒಂದು ಮಾಡಿಸಿಬಿಡಿ. ನಿಮ್ಮ ಯಜಮಾನರಿಗೆ ಇದನ್ನು ಓದಲು ಕೊಡಿ.


ಎರಡು ಮಕ್ಕಳ ತಾಯಿ, ಶಿವಮೊಗ್ಗ:

ನಾನೂ ಆ ಕೈ ವಿಷಯ ಓದಿ ಹಾಗೇ ದಾಟಿಹೋಗಿದ್ದೆ. ಫಿಸಿಯೋ ಅವರು ಹೇಳಿದ್ದನ್ನು ಕೇಳಿ, ನನ್ನ ಮಗನ ಕಥೆ ನಂಬಿಕೊಂಡು ಕೂರಬೇಡಿ. ಹೋಗಿ ಬಂದು ತಿಳಿಸಿ.


ಪಾಪು ಅಮ್ಮ, ಅರಸೀಕೆರೆ ಕಡೆ:

ಮೂರು ವಾರ ಬರೆಯಲು ಆಗಲಿಲ್ಲ, ಕ್ಷಮಿಸಿ. ಆ ರಾತ್ರಿಯೇ ಬಲಗೈ ಹಿಡಿದು ಗಿಲಕಿ ತೋರಿಸಿ ನೋಡಿದೆವು. ಎಡಗೈ ಮೊಣಕೈ ತನಕ ಎತ್ತಿದಳು, ಬೆರಳು ಬಿಚ್ಚಲಿಲ್ಲ, ಸಿಟ್ಟಿಗೆ ಅತ್ತಳು. ನಮ್ಮೆಜಮಾನರು ಅದನ್ನು ವಿಡಿಯೋ ಮಾಡುತ್ತಿದ್ದರು. ಮಧ್ಯದಲ್ಲೇ ಫೋನ್ ಇಳಿಸಿಬಿಟ್ಟರು. ಬೆಳಿಗ್ಗೆ ಅವರೇ ರಜೆ ಹಾಕಿ ಕರೆದುಕೊಂಡು ಹೋದರು.

ಡಾಕ್ಟರ್ ಒಂದು ತೆಳು ಬಟ್ಟೆಯನ್ನು ಪಾಪು ಮುಖದ ಮೇಲೆ ಹಾಕಿದರು, ಬಲಗೈಯಲ್ಲಿ ಎಳೆದುಹಾಕಿದಳು. ಬಲಗೈ ಹಿಡಿದುಕೊಂಡು ಮತ್ತೆ ಹಾಕಿದರು, ಈ ಸಲ ಎಳೆಯಲು ಆಗಲಿಲ್ಲ. ಎಡಗಾಲಿನ ಹಿಮ್ಮಡಿ ಹತ್ತಿರವೂ ಸ್ವಲ್ಪ ಬಿಗಿ ಇದೆಯಂತೆ. ಕೂರುವುದು ಅಂಬೆಗಾಲು ಅವಳ ವಯಸ್ಸಿಗೆ ತಡವೇ ಅಲ್ಲ ಎಂದರು, ನೀವು ಹೇಳಿದ ಹಾಗೇ ಆರು ವಾರ ಕಳೆದು. ತಲೆಗೆ ಎಂಆರ್‌ಐ ಬರೆದಿದ್ದಾರೆ, ತಾರೀಕು ಇನ್ನೂ ಸಿಕ್ಕಿಲ್ಲ. ಅದಕ್ಕೆ ಕಾಯದೆ ಥೆರಪಿ ಶುರು ಮಾಡಿ ಎಂದರು. ಕಿವಿ ಪರೀಕ್ಷೆ ಆಯಿತು ಸರ್, ಎರಡೂ ಸರಿ ಇದೆ.

ಅತ್ತೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ದುಡ್ಡು ಇಟ್ಕೊಂಡಿದಾಳೆ ಎಂದು ನಗುತ್ತಿದ್ದೆನಲ್ಲ ಎಂದು ಒಂದೇ ಸಮನೆ ಕೊರಗು. ಥೆರಪಿಯವರು ಆಟದ ಹೊತ್ತಿನಲ್ಲಿ ಬಲಗೈಗೆ ಮೆತ್ತನೆಯ ಚೀಲ ಹಾಕಿ, ಎಡಗೈಗೇ ಆಟಿಕೆ ಕೊಡಿ ಎಂದು ಹೇಳಿಕೊಟ್ಟಿದ್ದಾರೆ. ಆ ಚೀಲವನ್ನು ಅತ್ತೆಯೇ ತಮ್ಮ ಹಳೆಯ ಕಾಟನ್ ಸೀರೆಯಲ್ಲಿ ಕೈಯಲ್ಲೇ ಹೊಲಿದರು, ಮೂರು ಹೊಲಿದರು, ಒಂದು ಒದ್ದೆಯಾದರೆ ಇನ್ನೊಂದಕ್ಕೆ. ದಿನಾ ಸಂಜೆ ಚಾಪೆ ಮೇಲೆ ಅವರೇ ಪಾಪು ಎದುರಿಗೆ ಕೂರುತ್ತಾರೆ. ನಿನ್ನೆ ಗಿಲಕಿಯ ಹಿಡಿ ಎಡಗೈಯ ಬೆರಳುಗಳ ನಡುವೆ ಸಿಕ್ಕಿ ನಿಂತಿತು. ಮೂರು ಸೆಕೆಂಡ್ ಇರಬಹುದು. ಅತ್ತೆ ಅಡುಗೆಮನೆಯಲ್ಲಿದ್ದ ನನ್ನನ್ನು ಕೂಗಿ ಕರೆದರು, ನಾನು ಬರುವಷ್ಟರಲ್ಲಿ ಬಿದ್ದುಹೋಗಿತ್ತು, ಆದರೆ ಅವರು ನೋಡಿದರು.

ವಾರಕ್ಕೆ ಎರಡು ಸಲ ಥೆರಪಿಗೆ ಬಸ್ಸಲ್ಲಿ ಹಾಸನಕ್ಕೆ ಹೋಗಿಬರುತ್ತಿದ್ದೇವೆ. ಈ ಕಡೆಯಿಂದ ಹೀಗೇ ಹೋಗುವ ಅಮ್ಮಂದಿರು ಇಲ್ಲಿ ಯಾರಾದರೂ ಇದ್ದೀರಾ? ಮಂಗಳವಾರ ಶುಕ್ರವಾರ ಬೆಳಗಿನ ಬಸ್ಸು ನಮ್ಮದು.