ಮೂಡಲ ಮನೆಗೆ ಚಿಕ್ಕಪ್ಪನ ಚರಣ

ಪುಟ್ಟಿ (ಚಿಕ್ಕಪ್ಪನ ಮಗಳು): ನಾನು ಹಾಡಿದ ‘ಮೂಡಲ ಮನೆಯ’ ಕವರ್ (ಹಳೇ ಹಾಡನ್ನು ನನ್ನ ದನಿಯಲ್ಲಿ ಹೊಸದಾಗಿ ಹಾಡಿದ್ದು) ಕಳಿಸಿದ್ದೇನೆ. ಕೊನೆಯ ಚರಣ ಅಪ್ಪ ಕಾಲೇಜಿನಲ್ಲಿದ್ದಾಗ ಬರೆದದ್ದು! ತುಮಕೂರು ಮನೆಯ ಟ್ರಂಕಿನಲ್ಲಿ ಹಳೇ ನೋಟ್‌ಬುಕ್ ಸಿಕ್ಕಿತು. ಭಾನುವಾರ ಯೂಟ್ಯೂಬ್‌ಗೆ ಹಾಕುತ್ತೇನೆ. ಎಲ್ಲರೂ ಕೇಳಿ ಹೇಳಿ.

ಗುಬ್ಬಿ ಅತ್ತೆ: ಕಣ್ಣಲ್ಲಿ ನೀರು ಬಂತು ಕಂದ.

ತಿಪಟೂರು ಮಾವ: ದನಿ ಚೆನ್ನಾಗಿದೆ. ಆದರೆ ಅದು ಬೇಂದ್ರೆಯವರ ‘ಬೆಳಗು’ ಪದ್ಯ, ಅದಕ್ಕೆ ನಮ್ಮ ಚರಣ ಅಂಟಿಸುವುದು ಸರಿಯಲ್ಲ.

ಚಿಕ್ಕಪ್ಪ: ಅದೇ ಧಾಟಿಯಲ್ಲಿ ಬರೆದದ್ದು, ಭಾವ. ‘ಬೆಳ್ಳಿಮೋಡ’ ಸಿನಿಮಾಕ್ಕೆ ಪುಟ್ಟಣ್ಣ ಕಣಗಾಲರು ಆ ಪದ್ಯ ತೆಗೆದುಕೊಂಡರು, ವಿಜಯಭಾಸ್ಕರ್ ರಾಗ ಹಾಕಿದರು. ಅದೂ ಒಂದು ಥರ ಕವರ್ರೇ ಅಲ್ವಾ?

ನಾನು: ಅಲ್ಲ ಚಿಕ್ಕಪ್ಪ. ಅವರು ರಾಗ ಹಾಕಿದರು, ಸಾಹಿತ್ಯ ಬೇಂದ್ರೆಯವರದೇ ಉಳಿಯಿತು. ಇಲ್ಲಿ ಬೇಂದ್ರೆಯವರದು ಎಲ್ಲಿ ಮುಗಿಯಿತು, ನಿಮ್ಮದು ಎಲ್ಲಿ ಶುರುವಾಯಿತು ಅಂತ ಹೊಸಬರಿಗೆ ಹೇಗೆ ಗೊತ್ತಾಗಬೇಕು?

ಪುಟ್ಟಿ: ಅಣ್ಣ, ಸಿನಿಮಾದಲ್ಲಿ ಎಸ್. ಜಾನಕಿಯಮ್ಮ ಹಾಡಿದ ಹಾಗೇ ಹಾಡಬೇಕು ಅಂದರೆ ಅವರದ್ದನ್ನೇ ಕೇಳಬಹುದಲ್ಲ?

ನಾನು: ಹಾಗೇ ಹಾಡು ಅಂತ ಯಾರು ಹೇಳಿದರು? ನಿಧಾನ ಮಾಡಿದ್ದೀಯ, ಗಿಟಾರ್ ಒಂದೇ ಇಟ್ಟಿದ್ದೀಯ, ಅದು ನನಗೆ ಇಷ್ಟವಾಯಿತು. ಪಲ್ಲವಿ ಎರಡನೇ ಸಲ ಬಂದಾಗ ಗಿಟಾರನ್ನೂ ನಿಲ್ಲಿಸಿದೆಯಲ್ಲ, ಮೈ ಜುಮ್ ಅಂದಿತು. ಆದರೆ ‘ಮುತ್ತಿನ’ ಆದ ಕೂಡಲೇ ಉಸಿರು ಎಳೆದುಕೊಳ್ಳುತ್ತೀಯ. ‘ನೀರಿನ’ ಅನ್ನುವುದು ಅದಕ್ಕೆ ಅಂಟಿಕೊಂಡೇ ಬರಬೇಕು. ಅಲ್ಲಿ ತುಂಡಾದರೆ ಸಾಲಿನ ಹರಿವೇ ಹೋಗುತ್ತದೆ. ಅದನ್ನೊಂದು ಮತ್ತೆ ಹಾಡು.

ತಿಪಟೂರು ಮಾವ: ಕಾನೂನೂ ಕೇಳಿ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಕವಿ ಹೋದ ಮೇಲೂ 60 ವರ್ಷ ಹಕ್ಕು ಇರುತ್ತದೆ, ಅಂದರೆ 2041 ಮುಗಿಯುವವರೆಗೆ. ಮೊದಲೇ ನೋಟಿಸ್ ಕೊಟ್ಟು ರಾಯಲ್ಟಿ ಕಟ್ಟಿ ಕವರ್ ಮಾಡಲು ಕಾಪಿರೈಟ್ ಕಾಯ್ದೆಯ 31ಸಿ ಕಲಮು ದಾರಿ ಕೊಡುತ್ತದೆ. ಅಲ್ಲೂ ಒಪ್ಪಿಗೆ ಇಲ್ಲದೆ ಸಾಹಿತ್ಯ ಮುಟ್ಟುವ ಹಾಗಿಲ್ಲ.

ಗುಬ್ಬಿ ಅತ್ತೆ: ಮನೆ ಮಗು ಹಾಡಿದ್ದಕ್ಕೂ ಕಾನೂನಾ?

ತಿಪಟೂರು ಮಾವ: ಮನೆಯಲ್ಲಿ ಹಾಡಲಿ ಅಕ್ಕ, ಯಾರು ಬೇಡ ಅಂತಾರೆ? ಯೂಟ್ಯೂಬ್ ಮಾತು ಬೇರೆ.

ಚಿಕ್ಕಪ್ಪ: ಸರಿ, ಚರಣ ಬೇರೆ ಮಾಡೋಣ. ಹೇಗೂ ಅದನ್ನು ತಿದ್ದಬೇಕು. ‘ಕಡ್ಲೆಕಾಯಿ ಹೊಲದಲಿ ಅವ್ವನ ಸೆರಗು ಇಬ್ಬನಿಗೆ ತೊಯ್ದಿತ್ತು’ ಅನ್ನೋದು ತೀರಾ ಹಸಿಯಾಗಿದೆ. ಆ ಜಾಗಕ್ಕೆ ‘ಅರುಣನ ಕಿರಣವು ಧರೆಯನು ತೊಳೆದಿತ್ತು’ ಅಂತ ಹಾಕುತ್ತೇನೆ.

ನಾನು: ದಯವಿಟ್ಟು ಬೇಡ. ಅರುಣನ ಕಿರಣ ಯಾರು ಬೇಕಾದರೂ ಬರೆಯುತ್ತಾರೆ. ಅಜ್ಜಿ ಹೊಲದಿಂದ ಬಂದವರೇ ಒದ್ದೆ ಸೆರಗು ಹಿಂಡಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಒಲೆ ಹಚ್ಚಲು ಕೂರುತ್ತಿದ್ದರು. ನಾನೂ ನೋಡಿದ್ದೇನೆ. ಆ ವಯಸ್ಸಿನಲ್ಲಿ ಅದು ನಿಮ್ಮ ಕಣ್ಣಿಗೆ ಬಿತ್ತಲ್ಲ, ಅದೇ ದೊಡ್ಡದು. ಆಗ ಕಂಡದ್ದನ್ನು ಈಗ ಕೂತು ಅಳಿಸಬೇಡಿ.

ಗುಬ್ಬಿ ಅತ್ತೆ: ಅವ್ವನ ಸಾಲು ತೆಗೆದರೆ ನಾನು ಸುಮ್ನಿರೋದಿಲ್ಲ ಕಣೋ.

ಪುಟ್ಟಿ: ಹಾಗಾದರೆ ಚರಣಕ್ಕೆ ಬೇರೆ ರಾಗ ಹಾಕುತ್ತೇನೆ. ಅಪ್ಪನ ಹೆಸರಿನಲ್ಲೇ ಬರಲಿ.

ಚಿಕ್ಕಪ್ಪ: ಆ ಸಾಲು ಇರಲಿ ಬಿಡಿ. ಆದರೆ ಕೊನೆಯ ಪ್ರಾಸ ಮಾತ್ರ ಬದಲಿಸಲೇಬೇಕು. ರಾತ್ರಿ ಕಳಿಸುತ್ತೇನೆ.

ನಾನು: ಮೊದಲು ಹಳೇ ಪುಟದ ಫೋಟೊ ಹಾಕಿ ಚಿಕ್ಕಪ್ಪ. ತಿದ್ದಿದ್ದು ಆಮೇಲೆ ನೋಡೋಣ.