ಕಾಶಿಯ ‘ನಾಲಾ’ ನಮ್ಮ ‘ನಾಲೆ’ಯೇ? ಕೊಳವನ್ನು ‘ಬಸಿಯಬಹುದೇ’?

ಬಳಗದ ಎಲ್ಲರಿಗೂ ನಮಸ್ಕಾರ.

ಕಂಪನಿ ಸರ್ಕಾರದ ಕಾಲದಲ್ಲಿ ಕಾಶಿಯ ಕೊಳಗಳಿಗೆ ಏನಾಯಿತು ಎಂಬುದರ ಮೇಲೆ ಒಂದು ಲೇಖನ ಬರೆಯುತ್ತಿದ್ದೇನೆ. ಮೂರು ಕಡೆ ಪದ ಸಿಗದೆ ನಿಂತಿದ್ದೇನೆ. ಸಂದರ್ಭ ಹೇಳದೆ ಬರೀ ಪದ ಕೇಳಿದರೆ ನಿಘಂಟಿನ ಅರ್ಥವಷ್ಟೇ ಬರುತ್ತದೆ. ಅದು ನನ್ನಲ್ಲಿಯೂ ಇದೆ. ಆದ್ದರಿಂದ ಪತ್ರ ಸ್ವಲ್ಪ ಉದ್ದವಾಗಿದೆ.

ಇಂದಿನ ಯಾತ್ರಿಕರಿಗೆ ಕಾಶಿಯ ನೀರೆಂದರೆ ಗಂಗೆ. ಇನ್ನೂರು ವರ್ಷಗಳ ಹಿಂದೆ ಊರಿನ ಒಳಗೂ ನೀರಿತ್ತು. ಗಂಗೆಯ ದಂಡೆ ಎತ್ತರದ ದಿಬ್ಬ, ಅದರ ಹಿಂದಿನ ನೆಲ ತಗ್ಗು. ಮಳೆನೀರು ಹಿಂದಕ್ಕೆ ಇಳಿದು ಮತ್ಸ್ಯೋದರಿ, ಮಂದಾಕಿನಿ, ಬೇನಿಯಾ ಎಂಬ ದೊಡ್ಡ ಜಲಾಶಯಗಳಲ್ಲಿ ನಿಲ್ಲುತ್ತಿತ್ತು. ಮಳೆಗಾಲದಲ್ಲಿ ಇವು ಒಂದಕ್ಕೊಂದು ಕೂಡಿಕೊಂಡು, ಜನ ಗೋದಾವರಿ ಎಂದು ಕರೆಯುತ್ತಿದ್ದ ತೊರೆಯ ಮೂಲಕ ದಶಾಶ್ವಮೇಧದ ಬಳಿ ಗಂಗೆಗೆ ಸೇರುತ್ತಿದ್ದವು. ಗಂಗೆ ತೀರಾ ಉಕ್ಕಿದ ವರ್ಷ ವರಣಾ ನದಿಯ ನೀರು ಹಿಂದಕ್ಕೆ ಒತ್ತಿ ಮತ್ಸ್ಯೋದರಿಗೆ ನುಗ್ಗುತ್ತಿತ್ತು. ಅಲ್ಲಿಂದ ದಕ್ಷಿಣಕ್ಕೆ ಹರಿದು ಊರಿನ ನಡುಭಾಗವನ್ನೇ ಸುತ್ತುವರಿಯುತ್ತಿತ್ತು. ಈ ನೆರೆಗೆ ಹೆದರುವ ಬದಲು ಅದನ್ನು ‘ಮತ್ಸ್ಯೋದರೀ ಯೋಗ’ವೆಂದು ಕರೆದು, ಅಪರೂಪದ ಪುಣ್ಯಕಾಲವೆಂದು ಓಂಕಾರೇಶ್ವರದ ಬಳಿ ಸ್ನಾನ ಮಾಡುತ್ತಿದ್ದರು.

1820ರಲ್ಲಿ ಅಲ್ಲಿಗೆ ಬಂದವನು ಜೇಮ್ಸ್ ಪ್ರಿನ್ಸೆಪ್, ಕಂಪನಿಯ ಟಂಕಸಾಲೆಯ ಲೋಹಪರೀಕ್ಷಕ. ಮುಂದೆ 1837ರ ಹೊತ್ತಿಗೆ ಅಶೋಕನ ಬ್ರಾಹ್ಮಿಯನ್ನು ಓದಿ ತೋರಿಸಿದವನೂ ಇವನೇ. 1915ರಲ್ಲಿ ನಮ್ಮ ಮಸ್ಕಿಯ ಬಂಡೆ ಸಿಕ್ಕಾಗ ಅದರಲ್ಲಿ ‘ಅಶೋಕ’ ಎಂಬ ಹೆಸರನ್ನು ಓದಲು ಸಾಧ್ಯವಾದುದರಲ್ಲಿ ಇವನ ಋಣವಿದೆ. ಇಂಥವನು ಕಾಶಿಯನ್ನು ಅಳೆದು 1822ರಲ್ಲಿ ನಕ್ಷೆ ಮಾಡಿದ. ಅವನ ಕಣ್ಣಿಗೆ ಆ ಜಲಾಶಯಗಳು ಕೊಳೆತು ರೋಗ ತರುವ ನಿಂತ ನೀರಾಗಿ ಕಂಡವು. ಮತ್ಸ್ಯೋದರಿಯಿಂದ ದಿಬ್ಬದ ಅಡಿಯಲ್ಲಿ ಸುರಂಗ ಕೊರೆಸಿ ನೀರನ್ನು ಗಂಗೆಗೆ ಬಿಟ್ಟ. ಊರಿನ ಆರೋಗ್ಯದ ಚಿಂತೆ ಅವನಿಗೆ ನಿಜವಾಗಿಯೂ ಇತ್ತು ಎಂದೇ ನನ್ನ ಅಭಿಪ್ರಾಯ, ಖಳನಾಯಕನನ್ನಾಗಿ ಚಿತ್ರಿಸುವ ಇಚ್ಛೆಯಿಲ್ಲ. ಆದರೆ ಅದರೊಂದಿಗೆ ಆ ಯೋಗವೂ ಹೋಯಿತು. ಬೇನಿಯಾ ಈಗ ಉದ್ಯಾನ. ಮಂದಾಕಿನಿ ‘ಮೈದಾಗಿನ್’ ಆಗಿ, ಕಂಪನಿ ಬಾಗ್ ಎಂಬ ತೋಟದೊಳಗಿನ ಪುಟ್ಟ ಕೊಳವಾಗಿ ಉಳಿದಿದೆ. ಗೋದಾವರಿಯ ಹರಿವು ರಸ್ತೆಯಡಿ ಸೇರಿತು. ಹೆಸರು ಮಾತ್ರ ‘ಗೋದೌಲಿಯಾ’ ವೃತ್ತದಲ್ಲಿ ನಿಂತಿದೆ. ಜಂಗಮವಾಡಿ ಮಠಕ್ಕೆ ಹೋಗುವ ಕನ್ನಡಿಗರು ಆ ವೃತ್ತವನ್ನು ದಾಟಿಯೇ ಹೋಗುತ್ತಾರೆ. 1892ರಲ್ಲಿ ಭೇಲೂಪುರದ ನೀರು ಸರಬರಾಜು ಕೇಂದ್ರದಿಂದ ನಲ್ಲಿ ನೀರು ಬಂತು. ಉಳಿದ ಕುಂಡಗಳಿಗೆ ಸ್ನಾನ, ವ್ರತ ಬಿಟ್ಟರೆ ಹೆಚ್ಚಿನ ಕೆಲಸ ಉಳಿಯಲಿಲ್ಲ.

ಈಗ ಪ್ರಶ್ನೆಗಳು.

ಹಿಂದಿಯ ‘ನಾಲಾ’ ಹರಿಯುವ ಹಳ್ಳವೂ ಹೌದು, ಕೊಳಚೆ ಮೋರಿಯೂ ಹೌದು. ಗೋದೌಲಿಯಾ ನಾಲಾ ಮೊದಲನೆಯದಾಗಿದ್ದು ಎರಡನೆಯದಾಯಿತು, ಹೆಸರು ಬದಲಾಗಲೇ ಇಲ್ಲ. ಕನ್ನಡದಲ್ಲಿ ‘ನಾಲೆ’ ಎಂದು ಬರೆದರೆ ಮಂಡ್ಯದವರಿಗೆ ವಿಶ್ವೇಶ್ವರಯ್ಯ ನಾಲೆ ಕಣ್ಣೆದುರಿಗೆ ಬರುತ್ತದೆ: ಅಚ್ಚುಕಟ್ಟು, ಬತ್ತ, ಕಬ್ಬು. ಪತ್ರಿಕೆಯೊಂದರಲ್ಲಿ ಕಾಶಿಯದೇ ಆದ ‘ಅಸ್ಸಿ ನಾಲೆಯ ಕೊಳಚೆ’ ಎಂದು ಓದಿದಾಗ ಕಣ್ಣು ತಡವರಿಸಿತು. ‘ಚರಂಡಿ’ ಎಂದರೆ ಹಳೆಯ ತೊರೆಗೆ ಅನ್ಯಾಯ. ‘ಹಳ್ಳ’ ಎಂದರೆ ಇಂದಿನ ವಾಸನೆ ಮರೆಯಾಗುತ್ತದೆ. ಬೆಂಗಳೂರಿನ ‘ರಾಜಕಾಲುವೆ’ಗೆ ಇದೇ ಎರಡು ಜನ್ಮವಿದೆ, ಕೆರೆಯಿಂದ ಕೆರೆಗೆ ನೀರು ಒಯ್ದದ್ದು ಈಗ ಮೂಗು ಮುಚ್ಚಿಸುತ್ತದೆ. ಆದರೆ ಅದನ್ನು ಕಾಶಿಗೆ ಒಯ್ದರೆ ಬೆಂಗಳೂರು ಜೊತೆಗೇ ಬರುತ್ತದೆ.

ಇಂಥ ದೊಡ್ಡ ಜಲಾಶಯಕ್ಕೆ ಹಿಂದಿಯವರು ಹೇಳುವ ‘ತಲಾಬ್’ ಅನ್ನು ‘ಕೆರೆ’ ಎನ್ನಲು ಮನಸ್ಸು ಒಪ್ಪದು. ಕೆರೆ ಎಂದ ಮೇಲೆ ಏರಿ, ತೂಬು, ಕೋಡಿ, ಕೆಳಗೆ ಗದ್ದೆ ಇರಬೇಕಲ್ಲವೇ? ಮತ್ಸ್ಯೋದರಿ ನೀರಾವರಿಗೆ ಕಟ್ಟಿದ್ದಲ್ಲ. ‘ಕೊಳ’ ಎಂದರೆ ತುಂಬಾ ಚಿಕ್ಕದಾಗಿ ಕೇಳುತ್ತದೆ, ಆದರೂ ಸದ್ಯಕ್ಕೆ ಅದನ್ನೇ ಬಳಸುತ್ತಿದ್ದೇನೆ. ಚಿತ್ರದುರ್ಗದವರ ‘ಹೊಂಡ’ಕ್ಕೆ ಮೆಟ್ಟಿಲೂ ಗೌರವವೂ ಇದೆ, ಕರಾವಳಿಯಲ್ಲಿ ಅದು ರಸ್ತೆಯ ಗುಂಡಿ. ‘ಕುಂಡ’ವನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ಕುಂಡವೆಂದರೆ ಹೂವಿನದು ಇಲ್ಲವೇ ಹೋಮದ್ದು ಎನ್ನುವವರಿಗೆ ತಲಕಾವೇರಿಯ ಬ್ರಹ್ಮಕುಂಡಿಕೆಯನ್ನು ತೋರಿಸಬಹುದು.

ನನ್ನನ್ನು ಹೆಚ್ಚು ಕಾಡುತ್ತಿರುವುದು ಕ್ರಿಯಾಪದ. ‘ಬತ್ತಿತು’ ಎಂದರೆ ಮಳೆಯ ಮೇಲೆ ಹೊಣೆ. ‘ಮುಚ್ಚಿದರು’ ಎಂದರೆ ಮಣ್ಣು ಸುರಿದಂತೆ. ಇಲ್ಲಿ ಮೊದಲು ಆದದ್ದು ನೀರನ್ನು ಹೊರಗೆ ಬಿಟ್ಟದ್ದು. ‘ಒತ್ತುವರಿ’ ನಮ್ಮ ಕಾಲದ ಕಳ್ಳತನದ ಪದ, ಸರ್ಕಾರವೇ ನಿಂತು ಮಾಡಿಸಿದ ಕೆಲಸಕ್ಕೆ ಹೊಂದದು. ‘ಬಸಿ’ ಎಂಬುದು ಹತ್ತಿರ ಬರುತ್ತದೆ. ಜೌಗು ಹಿಡಿದ ಗದ್ದೆಗೆ ಬಸಿಗಾಲುವೆ ತೆಗೆಯುತ್ತೇವೆ, ಅನ್ನದ ಗಂಜಿ ಬಸಿಯುತ್ತೇವೆ. ‘1820ರ ದಶಕದಲ್ಲಿ ಮತ್ಸ್ಯೋದರಿಯನ್ನು ಬಸಿದರು’ ಎಂದು ಬರೆದಿದ್ದೇನೆ. ಬಸಿದವರು ಯಾರು, ನೀರು ಎಲ್ಲಿಗೆ ಹೋಯಿತು ಎಂಬ ಎರಡು ಪ್ರಶ್ನೆಗಳನ್ನೂ ಆ ಕ್ರಿಯಾಪದ ಓದುಗನಲ್ಲಿ ಎಬ್ಬಿಸುತ್ತದೆ ಎಂಬ ಭರವಸೆ ನನ್ನದು. ಲೇಖನ ಓದಿದ ಗೆಳೆಯರೊಬ್ಬರು ಮಾತ್ರ, ಕೊಳವನ್ನು ಬಸಿಯುವುದೆಂದರೆ ಅಡುಗೆಮನೆಯ ಮಾತಾಯಿತು ಎಂದು ಗೆರೆ ಎಳೆದಿದ್ದಾರೆ.

ನಿಮ್ಮ ಕಡೆ ಕೊಳವನ್ನು ಬಸಿಯುತ್ತಾರೆಯೇ? ಇಲ್ಲವಾದರೆ ತುಂಬಿದ ನೀರನ್ನು ಕಾಲುವೆ ತೋಡಿ ಖಾಲಿ ಮಾಡುವುದಕ್ಕೆ ಏನೆನ್ನುತ್ತೀರಿ? ಕಲಬುರಗಿ, ಬೀದರ್ ಕಡೆಯವರು ‘ನಾಲಾ’ವನ್ನು ಹಿಂದಿಯವರಂತೆಯೇ ಹಳ್ಳಕ್ಕೂ ಬಳಸುತ್ತಾರೆಯೇ ಎಂಬುದನ್ನೂ ತಿಳಿಸಿ, ಹಾಗಿದ್ದರೆ ನನ್ನ ಮೊದಲ ತೊಡಕು ಅರ್ಧ ಬಗೆಹರಿದಂತೆ.